ಏಸಿ ಆರಿಸಿ ನೋಡಬೇಕಾದ ತೆಳು ಲ್ಯಾಪ್‌ಟಾಪ್

ಬಳ್ಳಾರಿಯಲ್ಲಿ ಯಾರಾದರೂ ತೆಳು ಲ್ಯಾಪ್‌ಟಾಪ್ ತಂದು ‘ಇದು ಹೆಂಗದ ನೋಡ್ರಿ’ ಅಂದರೆ ನಾನು ಮೊದಲು ಮಾಡುವ ಕೆಲಸ ಏಸಿ ಆರಿಸುವುದು. ಆಮೇಲೆ ಗಡಿಯಾರ ನೋಡುತ್ತೇನೆ. ಬೆಳಗ್ಗೆ ತಂದಿದ್ದರೆ ಮಧ್ಯಾಹ್ನ ಎರಡರವರೆಗೆ ಇಟ್ಟು ಹೋಗಿ ಎನ್ನುತ್ತೇನೆ. ಶೋರೂಮಿನ 24 ಡಿಗ್ರಿಯಲ್ಲಿ ಯಾವ ಲ್ಯಾಪ್‌ಟಾಪೂ ಕೆಟ್ಟದಾಗಿ ಓಡುವುದಿಲ್ಲ.

ಪೆಟ್ಟಿಗೆಯೊಳಗಿನ ಕಾಗದದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ಬಳಸುವ ಜಾಗದ ಉಷ್ಣಾಂಶ 35 ಡಿಗ್ರಿಯವರೆಗೆ. ಬಹಳಷ್ಟು ಕಂಪನಿಗಳದ್ದು ಇದೇ ಅಂಕಿ, ಆಪಲ್ ಕೂಡ 10ರಿಂದ 35 ಎಂದೇ ಬರೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಹಗಲು 40 ದಾಟುವುದು ಮಾಮೂಲು. ಅಂದರೆ ಕಂಪನಿ ಒಪ್ಪಿಕೊಂಡ ಗಡಿಯ ಆಚೆಗೇ ನಮ್ಮ ಎರಡು ತಿಂಗಳು ಕಳೆಯುತ್ತವೆ.

ಇಂಟೆಲ್ ಚಿಪ್‌ಗಳು ಸಾಮಾನ್ಯವಾಗಿ 100 ಡಿಗ್ರಿಯ ಹತ್ತಿರ ಹೋದಾಗ ಸುಟ್ಟುಹೋಗದಿರಲಿ ಎಂದು ತಾವೇ ವೇಗ ಇಳಿಸುತ್ತವೆ. ಚಿಪ್ಪಿಗೂ ಕೋಣೆಯ ಗಾಳಿಗೂ ಎಷ್ಟು ಅಂತರವೋ ಅಷ್ಟು ಶಾಖ ಹೊರಗೆ ಹೋಗುತ್ತದೆ. ಕೋಣೆ 25 ಇದ್ದಾಗ ಅಂತರ 75. ಕೋಣೆ 40 ಆದಾಗ 60. ಐದರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ತಂಪು ಕೋಣೆಯಲ್ಲಿ 20 ವ್ಯಾಟ್ ತಡೆದುಕೊಳ್ಳುವ ತೆಳು ಯಂತ್ರ ನಮ್ಮ ಮಧ್ಯಾಹ್ನಕ್ಕೆ 16 ವ್ಯಾಟಿಗೆ ಬಂದು ನಿಲ್ಲುತ್ತದೆ. ದಪ್ಪ ಲ್ಯಾಪ್‌ಟಾಪಿಗೂ ಇದೇ ಐದನೇ ಒಂದು ಪಾಲು ಹೋಗುತ್ತದೆ, ಆದರೆ ಅದರ ಹತ್ತಿರ ಕಳೆದುಕೊಳ್ಳಲು ಇರುತ್ತದೆ.

ಫ್ಯಾನೇ ಇಲ್ಲದವುಗಳ ಕತೆ ಬೇರೆ. 2020ರ ಎಂ1 ಚಿಪ್ಪಿನಿಂದ ಈಚೆಗೆ ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ. ಶಾಖವೆಲ್ಲ ಅಲ್ಯೂಮಿನಿಯಂ ಮೈಯಿಂದಲೇ ಹೋಗಬೇಕು. ಆ ಮೈ 45 ಡಿಗ್ರಿ ದಾಟಿದರೆ ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ. ತಂಪು ಕೋಣೆಯಲ್ಲಿ 45ಕ್ಕೂ 25ಕ್ಕೂ ಇಪ್ಪತ್ತು ಡಿಗ್ರಿ ಅಂತರ ಸಿಗುತ್ತದೆ, ಇಲ್ಲಿ ಸಿಗುವುದು ಐದೇ. ಹಾಗಂತ ಅದನ್ನು ತೆಗೆದುಹಾಕುವ ಹಾಗಿಲ್ಲ. ಬರವಣಿಗೆ, ಲೆಕ್ಕಪತ್ರ, ಬ್ರೌಸರ್ ಇಷ್ಟೇ ಕೆಲಸಕ್ಕೆ ಆ ಚಿಪ್ ಕೆಲವೇ ವ್ಯಾಟ್ ತಿನ್ನುತ್ತದೆ, ಐದು ಡಿಗ್ರಿ ಅಂತರವೂ ಸಾಕಾಗುತ್ತದೆ. ಧೂಳು ಒಳಗೆ ಹೋಗಲು ಫ್ಯಾನೂ ಇಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವವರು ಮಾತ್ರ ಅದರ ಹತ್ತಿರ ಹೋಗಬಾರದು.

ಇನ್ನು ಪರೀಕ್ಷೆ. ಸೀಲಿಂಗ್ ಫ್ಯಾನ್ ಇರಲಿ, ಏಸಿ ಬೇಡ. ಲ್ಯಾಪ್‌ಟಾಪನ್ನು ಬರಿ ಮೇಜಿನ ಮೇಲಿಟ್ಟು ಚಾರ್ಜರ್ ಹಾಕಿ, ಚಿಪ್ಪಿನ ಸ್ಥಿತಿ ತೋರಿಸುವ ಹೆಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರ್ ತೆರೆದು ಮೂರು ಸಾಲಿನ ಮೇಲೆ ಕಣ್ಣಿಡುತ್ತೇನೆ: ಚಿಪ್ಪಿನ ಉಷ್ಣಾಂಶ, ಚಿಪ್ ತಿನ್ನುವ ವ್ಯಾಟ್, ಗಿಗಾಹರ್ಟ್ಜ್. ಜೊತೆಗೆ ಚಿಪ್ಪನ್ನು ಪೂರ್ತಿ ದುಡಿಸಿ ಅಂಕ ಕೊಡುವ ಸಿನೆಬೆಂಚ್ ಆರ್23 ಸಾಫ್ಟ್‌ವೇರಿನ ಮಲ್ಟಿಕೋರ್ ಪರೀಕ್ಷೆ. ಅದು ಹತ್ತು ನಿಮಿಷದ್ದು, ಬಿಡುವು ಕೊಡದೆ ಮೂರು ಸಲ ಓಡಿಸುತ್ತೇನೆ. ಮೊದಲ ಅರ್ಧ–ಒಂದು ನಿಮಿಷ ನೋಡಿ ಖುಷಿಪಡಬಾರದು. ಚಿಪ್ ಆಗ ಬೇಕೆಂದೇ ತನ್ನ ಮಾಮೂಲಿ ಮಿತಿ ಮೀರಿ ದುಡಿಯುತ್ತದೆ. ಅಂಗಡಿಯವರು ತೋರಿಸುವ ‘ಎಷ್ಟು ಫಾಸ್ಟ್ ನೋಡ್ರಿ’ ಎಲ್ಲ ಆ ಒಂದು ನಿಮಿಷದ್ದೇ. ಮೂರನೇ ಸುತ್ತಿನ ಅಂಕವನ್ನು ಮೊದಲ ಸುತ್ತಿನ ಅಂಕದಿಂದ ಭಾಗಿಸುತ್ತೇನೆ. ಶೇ. 90ರ ಮೇಲೆ ಉಳಿದರೆ ಒಳ್ಳೆಯ ತಯಾರಿಕೆ. 80ರ ಸುತ್ತ ಇದ್ದರೆ ಆಫೀಸ್ ಕೆಲಸಕ್ಕೆ ಅಡ್ಡಿಯಿಲ್ಲ. 70ಕ್ಕಿಂತ ಕೆಳಗೆ ಬಿದ್ದರೆ ದೊಡ್ಡ ಚಿಪ್ಪಿಗೆ ಕೊಟ್ಟ ದುಡ್ಡು ದಂಡ, ಅದೇ ಮಾಡೆಲ್‌ನ ಸಣ್ಣ ಚಿಪ್ಪೇ ಸಾಕು. ಇವು ನನ್ನ ಕೈಯಳತೆಯ ಗೆರೆಗಳು, ಯಾವ ಕಂಪನಿಯವೂ ಅಲ್ಲ. ಚಾರ್ಜರ್ ಕಿತ್ತು ಇನ್ನೊಂದು ಸುತ್ತು ಓಡಿಸಿ. ಕೆಲವು ಬ್ಯಾಟರಿಯ ಮೇಲೆ ಅರ್ಧಕ್ಕೆ ಇಳಿಯುತ್ತವೆ. ಕರೆಂಟ್ ಹೋಗುವ ಊರಲ್ಲಿ ಅದೂ ತಿಳಿದಿರಬೇಕು.

ಮೂರನೇ ಸುತ್ತು ಮುಗಿಯುತ್ತಿದ್ದಂತೆ ಮೈಯ ಬಿಸಿ ಅಳೆಯುತ್ತೇನೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಾಕು, ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರ ಹಿಡಿದರೆ ಅದು ಸುಳ್ಳು ಹೇಳುತ್ತದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಲೋಹ ತನ್ನ ಶಾಖವನ್ನು ಕಿರಣವಾಗಿ ಬಿಡುವುದು ಕಡಿಮೆ, ಸುತ್ತಲಿನದನ್ನು ಕನ್ನಡಿಯ ಹಾಗೆ ತಿರುಗಿಸುವುದು ಹೆಚ್ಚು. ವೈರಿಂಗ್‌ಗೆ ಬಳಸುವ ಕಪ್ಪು ಟೇಪನ್ನು ಒಂದಿಂಚು ಅಂಟಿಸಿ, ಎರಡು ನಿಮಿಷ ಬಿಟ್ಟು, ಟೇಪಿನ ಮೇಲೆ ಅಳೆಯಬೇಕು. ಅಂಟಿಸುವ ಜಾಗ ಮೂರು: ಕೀಬೋರ್ಡಿನ ನಡುವೆ ಮೇಲ್ಗಡೆ, ಎಡ ಅಂಗೈ ಊರುವಲ್ಲಿ, ತಳದ ನಡುಮಧ್ಯೆ. ಅಂಗೈ ಜಾಗ 42 ದಾಟಿದರೆ ಬೆವರಿ ಬೆರಳು ಜಾರುತ್ತವೆ.

ಫ್ಯಾನ್ ಇರುವ ತೆಳು ಲ್ಯಾಪ್‌ಟಾಪಿನ ನಿಜವಾದ ದೌರ್ಬಲ್ಯ ಹೊಸದರಲ್ಲಿ ಕಾಣುವುದಿಲ್ಲ. ಜಾಗ ಕಡಿಮೆ ಇರುವುದರಿಂದ ಶಾಖ ಬಿಡುವ ತಾಮ್ರದ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ, ನಡುವಿನ ಸಂದು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಬಿಲ್ ಹಾಕಲು ಇಟ್ಟ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನಿನ ಬಾಯಿಗೂ ಆ ರೆಕ್ಕೆಗಳಿಗೂ ನಡುವೆ ನೀಲಿ ಕಂಬಳಿಯ ಚೂರಿನಂಥದ್ದು ಕೂತಿರುತ್ತದೆ. ಡೆನಿಮ್ ನಾರು ಒಂದಕ್ಕೊಂದು ಹೆಣೆದುಕೊಂಡು ಹಾಗಾಗಿರುತ್ತದೆ. ಚಿಮಟದಿಂದ ಒಂದು ತುದಿ ಹಿಡಿದರೆ ಇಡಿಯಾಗಿ ಎದ್ದು ಬರುತ್ತದೆ. ಸಂಡೂರು, ತೋರಣಗಲ್ಲು ಕಡೆಯಿಂದ ಬರುವವುಗಳಲ್ಲಿ ಕೆಂಪು ಪುಡಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯವುಗಳಲ್ಲಿ ತೌಡಿನ ಹುಡಿ. ಪುಡಿ ಬ್ರಷ್ಷಿಗೆ ಉದುರುತ್ತದೆ, ನಾರು ಉದುರುವುದಿಲ್ಲ. ಹೊರಗಿನಿಂದ ಬ್ಲೋವರ್ ಹಿಡಿದರೆ ಆ ಕಂಬಳಿ ಹಿಂದಕ್ಕೆ ಸರಿದು ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ತಳ ಬಿಚ್ಚಲೇಬೇಕು.

ಹಾಗಾಗಿ ಕೊಳ್ಳುವ ಮುಂಚೆಯೇ ತಳ ಹೇಗೆ ಬಿಚ್ಚುತ್ತದೆ ಎಂದು ನೋಡುತ್ತೇನೆ. ಫಿಲಿಪ್ಸ್ ಅಥವಾ ಟಾರ್ಕ್ಸ್ ಟಿ5 ಸ್ಕ್ರೂಗಳು ಕಣ್ಣಿಗೆ ಕಾಣುವಂತಿದ್ದರೆ ಒಳ್ಳೆಯದು. ರಬ್ಬರ್ ಪಟ್ಟಿಯ ಕೆಳಗೆ ಅಡಗಿಸಿದ್ದರೆ ಎರಡು ಸಲ ಕಿತ್ತ ಮೇಲೆ ಆ ಪಟ್ಟಿ ಅಂಟುವುದಿಲ್ಲ. ಪಟ್ಟಿ ಬಿದ್ದುಹೋದರೆ ತಳ ಮೇಜಿಗೆ ಕೂತು ಗಾಳಿ ಎಳೆಯುವ ತೂತು ಮುಚ್ಚುತ್ತದೆ. ಬಿಚ್ಚುವಾಗ ಸ್ಕ್ರೂಗಳನ್ನು ಕಾಗದದ ಮೇಲೆ ಅವು ಇದ್ದ ಜಾಗದಂತೆಯೇ ಚುಚ್ಚಿಡಿ. ಗಿಡ್ಡ ಸ್ಕ್ರೂ ಇದ್ದ ತೂತಿಗೆ ಉದ್ದದ್ದು ತಿರುಗಿಸಿದರೆ ಮೇಲಿನ ಅಂಗೈ ಜಾಗದಲ್ಲಿ ಗುಳ್ಳೆ ಏಳುತ್ತದೆ, ಆಳ ಅಷ್ಟು ಕಡಿಮೆ. ಕೊಂಡಿಗಳನ್ನು ಹಳೇ ಎಟಿಎಂ ಕಾರ್ಡಿನಿಂದ ಸರಿಸಿ, ತಳ ಎದ್ದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ, ಆಮೇಲೆ ಉಳಿದದ್ದು. ಗಾಳಿ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು, ಬ್ಲೋವರ್ ರಭಸಕ್ಕೆ ಗರಗರ ತಿರುಗಿದರೆ ಬೇರಿಂಗ್ ಹೋಗುತ್ತದೆ. ಜೀನ್ಸ್ ಘಟಕದಲ್ಲಿ ಮೂರು ತಿಂಗಳಿಗೊಮ್ಮೆ, ಮನೆಯಲ್ಲಾದರೆ ಬೇಸಿಗೆಯ ಮುಂಚೆ ಒಂದು ಸಲ ಸಾಕು.

ತಳ ತೆಗೆದಾಗ ಇನ್ನೊಂದೂ ತಿಳಿಯುತ್ತದೆ: ಏನನ್ನು ಬದಲಿಸಬಹುದು, ಏನನ್ನು ಆಗುವುದಿಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬಹುಪಾಲು ಬೋರ್ಡಿಗೇ ಬೆಸುಗೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸಾಲಿನಲ್ಲಂತೂ ಅದು ಚಿಪ್ಪಿನ ಜೊತೆಗೇ ಸೇರಿದೆ, 16 ಜಿಬಿ ಅಥವಾ 32, ಮೂರನೇ ಆಯ್ಕೆಯಿಲ್ಲ. ಆದ್ದರಿಂದ 8 ಜಿಬಿಯ ತೆಳು ಲ್ಯಾಪ್‌ಟಾಪನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನುತ್ತೇನೆ. ‘ಮುಂದೆ ಹಾಕಿಸಿಕೊಳ್ಳೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ವಿಂಡೋಸ್ ಯಂತ್ರಗಳಲ್ಲಿ ಎಸ್‌ಎಸ್‌ಡಿ ಸಾಮಾನ್ಯವಾಗಿ ಎಂ.2 ಕಾರ್ಡ್, ಬದಲಿಸಬಹುದು. ಆದರೆ ಉದ್ದ ಕೇಳಿಕೊಳ್ಳಿ: 80 ಮಿ.ಮೀ.ನದು ಎಲ್ಲ ಕಡೆ ಸಿಗುತ್ತದೆ, 30 ಮಿ.ಮೀ.ನದು ತರಿಸಬೇಕಾಗುತ್ತದೆ. ಕೀಬೋರ್ಡನ್ನು ಮೇಲಿನ ಹೊದಿಕೆಗೆ ರಿವೆಟ್ ಹೊಡೆದಿದ್ದರೆ ಚಹಾ ಬಿದ್ದಾಗ ಇಡೀ ಹೊದಿಕೆ ಬದಲಿಸಬೇಕು.

ಕೀಬೋರ್ಡ್ ಎಂದಾಗ ಕನ್ನಡ ಟೈಪ್ ಮಾಡುವವರಿಗೆ ಒಂದು ಮಾತು. ನುಡಿ ತಂತ್ರಾಂಶದ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀಲಿ. ಕೀಲಿ ಇಳಿಯುವ ಆಳ ಒಂದು ಮಿಲಿಮೀಟರಿನ ಹತ್ತಿರವಿದ್ದರೆ ವೇಗದಲ್ಲಿ ಎಫ್ ತಪ್ಪಿ ‘ಬಳ್ಳಾರಿ’ ಹೋಗಿ ‘ಬಳಳಾರಿ’ ಆಗುತ್ತದೆ. ಐದು ನಿಮಿಷ ಒತ್ತಕ್ಷರ ತುಂಬಿದ ಪುಟ ಹೊಡೆದು ತಪ್ಪು ಎಣಿಸಿ. ನಾನು ಅಕ್ಕ, ಅಜ್ಜ, ಹಳ್ಳ, ಕಟ್ಟೆ ಎಂದು ಹೊಡೆಯುತ್ತ ಹೋಗುತ್ತೇನೆ.

ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಮುಂಗೈಗೆ ಜುಮ್ ಎನ್ನುವುದು ಬಹಳ ಜನರ ದೂರು. ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಡುತ್ತಾರೆ. ಕಾರಣ ಚಾರ್ಜರಿನೊಳಗೆ ವಿದ್ಯುತ್ ಗದ್ದಲ ತಡೆಯಲು ಹಾಕಿರುವ ಸಣ್ಣ ಕೆಪಾಸಿಟರ್. ಅದರ ಮೂಲಕ ತೀರಾ ಸ್ವಲ್ಪ ಕರೆಂಟ್ ಮೈಗೆ ಬರುತ್ತದೆ, ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಇಳಿಯುತ್ತದೆ. ಎರಡು ಪಿನ್ನಿನ ಚಾರ್ಜರಿಗೆ ಇಳಿಯುವ ದಾರಿಯೇ ಇಲ್ಲ. ಮೂರು ಪಿನ್ನಿನದು ಹಾಕಿಯೂ ಜುಮ್ ಎಂದರೆ ಮನೆಯ ಅರ್ಥಿಂಗ್ ನೋಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಕೆಲಸ ಮಾಡದೆ ಇರುವುದು ನಮ್ಮ ಕಡೆ ಸಾಮಾನ್ಯ. ಗುಂಡಿಗೆ ಒಂದು ಕೊಡ ನೀರು ಹಾಕಿ ಲ್ಯಾಪ್‌ಟಾಪನ್ನು ಮತ್ತೆ ಮುಟ್ಟಿ ನೋಡಿ.

ಟೈಪ್–ಸಿ ಚಾರ್ಜರ್ ಆದರೆ 65 ವ್ಯಾಟ್ ಅಂದರೆ 20 ವೋಲ್ಟ್, 3.25 ಆಂಪಿಯರ್. ಫೋನಿಗೆ ಬಂದ ಕೇಬಲ್ ಸಾಮಾನ್ಯವಾಗಿ 3 ಆಂಪಿಯರ್‌ಗಿಂತ ಹೆಚ್ಚು ಒಯ್ಯುವುದಿಲ್ಲ, 60 ವ್ಯಾಟಿಗೆ ನಿಲ್ಲುತ್ತದೆ. ಮೇಲಿನದಕ್ಕೆ 5 ಆಂಪಿಯರ್ ಎಂದು ಬರೆದ ಕೇಬಲ್ಲೇ ಬೇಕು. ಪೋರ್ಟುಗಳು ಎರಡೇ ಇದ್ದು ಎರಡೂ ಒಂದೇ ಬದಿಗಿದ್ದರೆ ತೊಂದರೆ. ಕೆಲವು ಟೈಪ್–ಸಿ ಪೋರ್ಟು ಚಾರ್ಜ್ ಮಾಡುತ್ತದೆ, ಪ್ರೊಜೆಕ್ಟರಿಗೆ ಚಿತ್ರ ಕೊಡುವುದಿಲ್ಲ. ಕಾಲೇಜಿನವರು ಎಚ್‌ಡಿಎಂಐ ಅಡಾಪ್ಟರ್ ಅಂಗಡಿಗೇ ಒಯ್ದು ಹಾಕಿ ನೋಡಬೇಕು. ಆ ಅಡಾಪ್ಟರ್, ಚಾರ್ಜರ್, ಮೌಸ್ ಎಲ್ಲ ಸೇರಿಸಿ ತರಕಾರಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 1.2 ಕೆ.ಜಿ. ಎಂದು ಕೊಂಡದ್ದು 1.7 ತೂಗುವುದುಂಟು. ಹಾಗಿದ್ದೂ ಕೊಪ್ಪಳದಿಂದ ದಿನಾ ರೈಲಿನಲ್ಲಿ ಓಡಾಡುವವರ ಹೆಗಲಿಗೆ ಅದು ದಪ್ಪನೆಯದಕ್ಕಿಂತ ಹಗುರವೇ.

ಆರ್ಮ್ ಚಿಪ್ಪಿನ, ಅಂದರೆ ಫೋನಿನಲ್ಲಿರುವ ಬಗೆಯ ಚಿಪ್ಪಿನ, ವಿಂಡೋಸ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ತಣ್ಣಗಿರುತ್ತವೆ, ಬ್ಯಾಟರಿ ದಿನವಿಡೀ ಬರುತ್ತದೆ. ಆದರೆ ಹಳೇ ಸಾಫ್ಟ್‌ವೇರ್ ಓಡಿದಂತೆ ಹಳೇ ಡ್ರೈವರ್, ಅಂದರೆ ಹೊರಗಿನ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್, ಓಡುವುದಿಲ್ಲ. ಆಧಾರ್ ಬೆರಳಚ್ಚಿನ ಯಂತ್ರ, ಟೆಂಡರ್ ಹಾಕುವ ಡಿಜಿಟಲ್ ಸಹಿಯ ಟೋಕನ್, ಹಳೇ ಪ್ರಿಂಟರ್ ಬಳಸುವವರು ಅವುಗಳಿಗೆ ಆರ್ಮ್ ಡ್ರೈವರ್ ಇದೆಯೇ ಎಂದು ಮೊದಲು ಕೇಳಿ.

ಬ್ಯಾಟರಿ ಅಳೆಯಲು ಕಮಾಂಡ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಬ್ಯಾಟರಿರಿಪೋರ್ಟ್ ಎನ್ನಿ. ಅದು ಉಳಿಸಿಡುವ ಪುಟ ತೆರೆದರೆ ತಯಾರಿಕೆಯ ಸಾಮರ್ಥ್ಯ, ಈಗಿನ ಪೂರ್ಣ ಸಾಮರ್ಥ್ಯ ಎರಡೂ ಇರುತ್ತವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡನೆಯದು ಮೊದಲನೆಯದರ ಶೇ. 75ಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಮುರಿದುಕೊಳ್ಳಿ. ಲೆಕ್ಕ ಸುಲಭ: 50 ವ್ಯಾಟ್–ಅವರ್ ಬ್ಯಾಟರಿ, ಕೆಲಸಕ್ಕೆ 7 ವ್ಯಾಟ್ ಖರ್ಚಾದರೆ ಏಳು ಗಂಟೆ. ಸದಾ ಚಾರ್ಜರಿಗೆ ಹಾಕಿಡುವವರು ಶೇ. 80ರ ಮಿತಿ ಹಾಕಿಕೊಳ್ಳಲೇಬೇಕು, ಬಿಸಿ ಮತ್ತು ತುಂಬಿದ ಚಾರ್ಜ್ ಎರಡೂ ಸೇರಿದರೆ ಬ್ಯಾಟರಿ ಬೇಗ ಉಬ್ಬುತ್ತದೆ. ಉಬ್ಬು ಹಿಡಿಯಲು ಲ್ಯಾಪ್‌ಟಾಪನ್ನು ಗಾಜಿನ ಮೇಜಿನ ಮೇಲಿಟ್ಟು ಎದುರುಬದುರಿನ ಮೂಲೆಗಳನ್ನು ಒತ್ತುತ್ತೇನೆ. ಅಲ್ಲಾಡಿದರೆ, ಟಚ್‌ಪ್ಯಾಡ್ ಕ್ಲಿಕ್ ಬಿಗಿಯಾಗಿದ್ದರೆ, ಅದನ್ನು ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ಬದಲಿಸುವವರೆಗೆ ಮುಟ್ಟಬೇಡಿ.

ಕೊನೆಯ ಪರೀಕ್ಷೆ ಬ್ಯಾಗಿನದು. ಬ್ಯಾಟರಿ ಶೇಕಡಾ ಎಷ್ಟಿದೆ ಬರೆದಿಟ್ಟು, ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿ ಜಿಪ್ ಎಳೆದು ಒಂದು ಗಂಟೆ ಬಿಡುತ್ತೇನೆ. ಈಗಿನ ತೆಳು ಯಂತ್ರಗಳು ಮುಚ್ಚಿದ ಮೇಲೂ ಫೋನಿನ ಹಾಗೆ ಅರೆನಿದ್ದೆಯಲ್ಲಿರುತ್ತವೆ, ಒಳಗೊಳಗೇ ಅಪ್‌ಡೇಟ್ ಎಳೆಯುತ್ತವೆ. ಒಂದೆರಡು ಶೇಕಡಾ ಇಳಿದರೆ ಸರಿ. ಐದಾರು ಇಳಿದು ತಳ ಬೆಚ್ಚಗಿದ್ದರೆ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ, ಅಂದರೆ ತೆರೆದ ಕೆಲಸ ಉಳಿಸಿಕೊಂಡು ಪೂರ್ತಿ ಆರುವಂತೆ, ಬದಲಿಸಿ, ಬ್ಯಾಗಿಗೆ ಹಾಕಿ ಇನ್ನೊಂದು ಗಂಟೆ ಇಡುತ್ತೇನೆ.