ನಿಮ್ಮ ಮನೆಯ ಹಣದುಬ್ಬರ ನೀವೇ ಲೆಕ್ಕ ಹಾಕಿ

2025ರ ನವೆಂಬರ್‌ನಲ್ಲಿ ಹಿಂದಿನ ತಿಂಗಳ ಹಣದುಬ್ಬರದ ಅಂಕಿ ಬಂತು. 0.25. ಅಂದರೆ ವರ್ಷದ ಹಿಂದಿಗಿಂತ ಬೆಲೆ ಏರಿದ್ದು ಕಾಲು ಪರ್ಸೆಂಟ್. ಮರುದಿನ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಪಕ್ಕದ ಮನೆಯ ಕಾಕಾ ಸಿಕ್ಕರು. ಕೈಯಲ್ಲಿ ತುಂಬಿದ ಚೀಲ.

'ಏನಪಾ ತಮ್ಮಾ, ಪೇಪರ್‌ನ್ಯಾಗ ಕಾಲು ಪರ್ಸೆಂಟ್ ಅಂತಾರ. ನಮ್ಮ ಕಿಸೇದಾಗ ರೊಕ್ಕ ಮಾತ್ರ ಉಳಿಯವಲ್ದು. ಇವರು ಯಾವ ಊರಾಗ ಸಂತಿ ಮಾಡ್ತಾರ?'

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕಾಕಾ ಆಮೇಲೆ ಕುಳಿತು ಹಾಕಿದ ಲೆಕ್ಕ ಸರಿ ಇರಲಿಲ್ಲ. ಹೋದ ತಿಂಗಳ ಖರ್ಚು, ಈ ತಿಂಗಳ ಖರ್ಚು ಎರಡನ್ನೂ ಕಳೆದು ನೋಡಿ, 'ನಮ್ಮ ಮನ್ಯಾಗ 22 ಪರ್ಸೆಂಟ್' ಅಂದುಬಿಟ್ಟರು. ಆ ತಿಂಗಳು ಅವರ ಮನೆಗೆ ಮಗಳು, ಅಳಿಯ ಬಂದಿದ್ದರು. ಬೆಲೆ ಏರಿದ್ದಲ್ಲ, ಉಣ್ಣುವವರು ಏರಿದ್ದು! ಇಂಥ ತಪ್ಪು ಎಷ್ಟು ಜನ ಮಾಡುತ್ತಾರೆಂದರೆ, ಬರೆದೇ ಬಿಡೋಣ ಅನ್ನಿಸಿತು.

ಮೊದಲು ಅಂದಾಜು ಬರೆದಿಡಿ

ಮನೆಯ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. 'ಒಂದು ವರ್ಷದಲ್ಲಿ ಬೆಲೆ ಎಷ್ಟು ಪರ್ಸೆಂಟ್ ಏರಿದೆ?' ಅಷ್ಟೇ ಪ್ರಶ್ನೆ. ಮಡಚಿ ಡಬ್ಬಿಯಲ್ಲಿ ಹಾಕಿ. ಇದನ್ನು ಆಟ ಅಂದುಕೊಳ್ಳಬೇಡಿ. ರಿಸರ್ವ್ ಬ್ಯಾಂಕೂ ಹೀಗೇ ಮನೆಮನೆಗೆ ಕೇಳುತ್ತದೆ, 19 ನಗರಗಳಲ್ಲಿ. ನಮ್ಮ ರಾಜ್ಯದಿಂದ ಬೆಂಗಳೂರು ಮಾತ್ರ ಇದೆ, ನಮ್ಮನ್ನು ಯಾರೂ ಕೇಳುವುದಿಲ್ಲ. ಜನರ ಅಂದಾಜು ಸರ್ಕಾರಿ ಅಂಕಿಗಿಂತ ಮೇಲೇ ಇರುತ್ತದೆ. ಏರಿದ ಬೆಲೆ ನೆನಪಿರುತ್ತದೆ, ಇಳಿದದ್ದು ಮರೆತುಹೋಗುತ್ತದೆ. ಆದರೂ ರಿಸರ್ವ್ ಬ್ಯಾಂಕ್ ಕೇಳುವುದನ್ನು ಬಿಟ್ಟಿಲ್ಲ. ಎಣ್ಣೆ ಏರುತ್ತದೆ ಅಂತ ಎಲ್ಲರೂ ನಂಬಿ ಎರಡೆರಡು ಡಬ್ಬಿ ತಂದಿಟ್ಟರೆ, ಆ ಕಾರಣಕ್ಕೇ ಎಣ್ಣೆ ಏರುತ್ತದೆ ಅಲ್ವಾ?

ಹಳೆಯ ದರ ಹುಡುಕಿ

ಹೋದ ವರ್ಷ ಇದೇ ತಿಂಗಳು ಏನೇನು, ಎಷ್ಟೆಷ್ಟು, ಯಾವ ದರಕ್ಕೆ ಕೊಂಡಿರಿ ಅನ್ನುವುದು ಬೇಕು. ಬಿಲ್ ಇಲ್ಲವೇ? ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕೇಳಿ, ಅದರಷ್ಟು ನಂಬಿಕೆಯ ದಾಖಲೆ ಇನ್ನೊಂದಿಲ್ಲ. ಫೋನಿನ ಯುಪಿಐ ಪಟ್ಟಿ ನೋಡಿದರೆ ಸಾಕಲ್ಲ ಅನ್ನುವವರಿದ್ದಾರೆ. ಅದರಲ್ಲಿ ಅಂಗಡಿಯ ಹೆಸರು, ಮೊತ್ತ ಬಿಟ್ಟರೆ ಏನೂ ಇರುವುದಿಲ್ಲ. 640 ರೂಪಾಯಿಗೆ ಏನು ತಂದಿರಿ, ಎಷ್ಟು ಕೆಜಿ ತಂದಿರಿ? ಗೊತ್ತಾಗುವುದಿಲ್ಲ. ಮೆಸೇಜ್ ಓದಿ ತಾನೇ ಲೆಕ್ಕ ಹಾಕುವ ಆ್ಯಪ್‌ಗಳಂತೂ ಬೇಡವೇ ಬೇಡ. ಒಂದು ಆ್ಯಪ್ ನಮ್ಮ ಹಿಟ್ಟಿನ ಗಿರಣಿಯ ಖರ್ಚನ್ನು ಮನರಂಜನೆಗೆ ಸೇರಿಸಿತ್ತು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತನ್ನಿ, ಸಾಕು.

ಬಿಸ್ಕೀಟು, ಸೋಪು, ಚಹಾಪುಡಿಯ ದರವನ್ನು ಪ್ಯಾಕೆಟ್ಟಿಗಲ್ಲ, 100 ಗ್ರಾಮಿಗೆ ಬರೆಯಿರಿ. ಹತ್ತು ರೂಪಾಯಿಯ ಪ್ಯಾಕೆಟ್ ಹತ್ತಕ್ಕೇ ಇರುತ್ತದೆ, ಒಳಗಿನ ತೂಕ ಸುಮ್ನೆ ಕರಗಿರುತ್ತದೆ.

ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನ ಮಾಡಿ.

ಹೋದ ವರ್ಷದ ಖರ್ಚನ್ನು ಈ ವರ್ಷದ ಖರ್ಚಿನ ಜೊತೆ ಹೋಲಿಸಬೇಡಿ. ಹೋದ ವರ್ಷ ಕೊಂಡಷ್ಟೇ ಸಾಮಾನನ್ನು ಈ ವರ್ಷದ ದರದಲ್ಲಿ ಕೊಂಡಿದ್ದರೆ ಎಷ್ಟಾಗುತ್ತಿತ್ತು? ಆ ಮೊತ್ತ ಬೇಕು. ಅಳಿಯ ಬಂದರೂ, ನೀವು ಡಯಟ್ ಮಾಡಿದರೂ ಲೆಕ್ಕ ಅಲ್ಲಾಡಬಾರದು.

ಒಂದು ಮನೆ ಇಟ್ಟುಕೊಳ್ಳೋಣ. ಹೋದ ವರ್ಷ ತಿಂಗಳಿಗೆ 30,000 ರೂಪಾಯಿ ಖರ್ಚು. ಬಾಡಿಗೆ 8,000, ಕಿರಾಣಿ 7,000, ಮಕ್ಕಳ ಫೀ 5,000, ತರಕಾರಿ 2,500, ಹಾಲು 2,000, ಔಷಧಿ 1,500. ಪೆಟ್ರೋಲು, ಬಸ್ಸಿಗೆ 2,000. ಕರೆಂಟು, ಗ್ಯಾಸು, ಮೊಬೈಲಿಗೆ 2,000.

ಈಗ ಅಷ್ಟೇ ಸಾಮಾನು, ಹೊಸ ದರ. ತರಕಾರಿ 20 ಪರ್ಸೆಂಟ್ ಅಗ್ಗವಾಗಿದೆ, 500 ಉಳಿಯಿತು. ಫೀ 10 ಪರ್ಸೆಂಟ್ ಏರಿದೆ, ಆ 500 ಅಲ್ಲೇ ಹೋಯಿತು. ಬಾಡಿಗೆ 5 ಪರ್ಸೆಂಟ್ ಏರಿ 400, ಕಿರಾಣಿ 3 ಪರ್ಸೆಂಟ್ ಏರಿ 210, ಔಷಧಿ 60. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ, ಅದಕ್ಕೊಂದು 190. ಉಳಿದದ್ದು ಇದ್ದಂತೇ ಇದೆ ಅನ್ನಿ. ಒಟ್ಟು 30,860. ಏರಿಕೆ ಸುಮಾರು 2.9 ಪರ್ಸೆಂಟ್.

ಈಗ ತರಕಾರಿ ಸಾಲನ್ನು ಬೆರಳಿನಿಂದ ಮುಚ್ಚಿ. 27,500 ಇದ್ದದ್ದು 28,860 ಆಗಿದೆ. ಏರಿಕೆ ಹೆಚ್ಚುಕಡಿಮೆ 5! ಕಾಕಾನ ಸಿಟ್ಟಿಗೆ ಉತ್ತರ ಇಲ್ಲಿದೆ. ಅಂಕಿಯನ್ನು ಕೆಳಗೆ ಎಳೆದದ್ದು ತರಕಾರಿ. ಫೀ, ಬಾಡಿಗೆ ತಮ್ಮ ಪಾಡಿಗೆ ಏರುತ್ತಲೇ ಇದ್ದವು. ದೇಶದ ಅಂಕಿಯಲ್ಲೂ ಇದೇ ಆಯಿತು. 2012ರ ಬೆಲೆಯನ್ನು ಆಧಾರ ಮಾಡಿಕೊಂಡ ಆಗಿನ ಸರ್ಕಾರಿ ಪಟ್ಟಿಯಲ್ಲಿ ತಿನ್ನುವ, ಕುಡಿಯುವ ಸಾಮಾನಿನ ಪಾಲೇ 46 ಪರ್ಸೆಂಟಿನ ಹತ್ತಿರ ಇತ್ತು. 2025ರ ಅಕ್ಟೋಬರಿನಲ್ಲಿ ಆಹಾರದ ಬೆಲೆ ವರ್ಷದ ಹಿಂದಿಗಿಂತ 5 ಪರ್ಸೆಂಟ್ ಕೆಳಗಿತ್ತು. ನಿಮ್ಮ ಮನೆಯಲ್ಲಿ ಊಟದ ಪಾಲು ಕಡಿಮೆ, ಫೀಯ ಪಾಲು ಜಾಸ್ತಿ ಇದ್ದರೆ ಆ ಇಳಿಕೆ ನಿಮಗೆ ತಟ್ಟುವುದೇ ಇಲ್ಲ.

ಇನ್ನೊಂದು ಎಡವಟ್ಟು ನಮ್ಮ ಕಡೆಯದೇ. ಜೋಳ, ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ ನಾವು ವರ್ಷಕ್ಕೊಮ್ಮೆ ತುಂಬಿಸಿಡುತ್ತೇವೆ. ಖಾರ ಕುಟ್ಟಿಸಿದ ತಿಂಗಳು ಲೆಕ್ಕ ಹಾಕಿದರೆ ಮನೆ ದಿವಾಳಿ ಎದ್ದಂತೆ ಕಾಣುತ್ತದೆ. ಬೇರೆ ತಿಂಗಳು ಹಾಕಿದರೆ ಖಾರ ಪುಕ್ಕಟೆ ಬಂದಂತೆ. ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ಬರೆಯಿರಿ. ಫೀ, ವಿಮೆ ಕಂತಿಗೂ ಇದೇ ನಿಯಮ.

ಮನೆ ಸಾಲದ ಕಂತನ್ನು ಸೇರಿಸಬೇಡಿ, ಅದು ಸಾಲ, ಬೆಲೆಯಲ್ಲ. ಬಂಗಾರ ಸರ್ಕಾರಿ ಪಟ್ಟಿಯಲ್ಲಿದೆ. ಮನೆಯಲ್ಲಿ ಮದುವೆ ಇಲ್ಲದಿದ್ದರೆ ನಿಮ್ಮ ಪಟ್ಟಿಗೆ ಬೇಡ ಅನ್ನುವುದು ನನ್ನ ಹಟ.

ಸರ್ಕಾರಿ ಅಂಕಿ ಪಕ್ಕದಲ್ಲಿಡಿ

ಅದು ಪ್ರತಿ ತಿಂಗಳು 12ರ ಸುಮಾರಿಗೆ ಬರುತ್ತದೆ. ಓದುವಾಗ ಒಂದು ಎಚ್ಚರ: ಕಾಲು ಪರ್ಸೆಂಟ್ ಅಂದರೆ ಬೆಲೆ ಇಳಿಯಿತು ಅಂತಲ್ಲ. 2024ರ ಅಕ್ಟೋಬರಿನಲ್ಲಿ ಏರಿಕೆ 6.21 ಇತ್ತು. 2023ರಲ್ಲಿ 100 ರೂಪಾಯಿ ಇದ್ದ ಸಂತೆ 2024ಕ್ಕೆ 106.2 ಆಯಿತು, 2025ಕ್ಕೆ 106.5. ಏಣಿ ಹತ್ತಿದವನು ಮೇಲೇ ನಿಂತಿದ್ದಾನೆ, ಕೆಳಗೆ ಇಳಿದಿಲ್ಲ. ಚಹಾಪುಡಿ ಯಾಕೆ ಅಗ್ಗ ಆಗಿಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ.

ಬಂದ ಅಂಕಿಯನ್ನು ಏನು ಮಾಡುವುದು?

ರಿಸರ್ವ್ ಬ್ಯಾಂಕಿನ ಗುರಿ 4 ಪರ್ಸೆಂಟ್. ಎರಡು ಕೆಳಗೆ, ಎರಡು ಮೇಲೆ ಹೋದರೂ ನಡೆಯುತ್ತದೆ. ಅಂಕಿ ಇಳಿಯುತ್ತಾ ಬಂದದ್ದರಿಂದ 2025ರಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಇಳಿಸುತ್ತಾ ಬಂದರು. ಫೆಬ್ರವರಿಗೆ ಮೊದಲು 6.50 ಇದ್ದದ್ದು ಡಿಸೆಂಬರಿಗೆ 5.25. ಅವರು ನೋಡುವುದು ದೇಶದ ಅಂಕಿ, ಮುಂದಿನ ತಿಂಗಳುಗಳ ಅಂದಾಜು. ನಿಮ್ಮ ಮನೆಯಲ್ಲಿ 5 ಇದೆ ಅಂತ ಅವರು ಕಾಯುವುದಿಲ್ಲ. ಹಾಗಾಗಿ ನಿಮ್ಮ ಅಂಕಿಯ ಕೆಲಸ ನೀವೇ ಮಾಡಬೇಕು.

ಎಫ್‌ಡಿ ಇದ್ದರೆ: ಬಡ್ಡಿ 6.5, ನೀವು 20 ಪರ್ಸೆಂಟ್ ತೆರಿಗೆಯವರು ಅನ್ನಿ. ಕೈಗೆ ಸಿಗುವುದು 5.2. ಮನೆಯ ಏರಿಕೆ 3 ಇದ್ದರೆ ಲಾಭ, 6 ಇದ್ದರೆ ಹಣ ಸವೆಯುತ್ತಿದೆ. ಕಾಕಾನಂಥ ಪಿಂಚಣಿದಾರರು ಪೇಪರಿನ 0.25ರ ಜೊತೆ ಹೋಲಿಸಿ ಖುಷಿಪಡುತ್ತಾರೆ. ಹೋಲಿಸಬೇಕಾದದ್ದು ತಮ್ಮ ನೋಟ್‌ಬುಕ್ಕಿನ ಅಂಕಿಯ ಜೊತೆ.

ಮನೆ ಸಾಲ ಇದ್ದರೆ: 2019ರ ಅಕ್ಟೋಬರಿನಿಂದ ಈಚೆಗೆ ಬ್ಯಾಂಕಿನಿಂದ ತೆಗೆದ ಬದಲಾಗುವ ಬಡ್ಡಿಯ ಸಾಲ ಹೊರಗಿನ ದರಕ್ಕೆ, ಹೆಚ್ಚಾಗಿ ರೆಪೊಗೆ, ಕಟ್ಟಿರುತ್ತದೆ. ರೆಪೊ ಇಳಿದರೆ ನಿಮ್ಮ ಬಡ್ಡಿಯೂ ಮೂರು ತಿಂಗಳೊಳಗೆ ಇಳಿಯಬೇಕು. ಅದಕ್ಕಿಂತ ಹಳೆಯದಾದರೆ ಬ್ಯಾಂಕಿಗೆ ಹೋಗಿ ಬದಲಿಸಲು ಅರ್ಜಿ ಕೊಡಿ. ನನ್ನ ಸಾಲ ಎರಡು ವರ್ಷ ಹಳೆಯ ದರದಲ್ಲೇ ಕೊಳೆಯಿತು, ಕೇಳುವ ತನಕ ಯಾರೂ ಹೇಳಲಿಲ್ಲ. 20 ವರ್ಷದ 25 ಲಕ್ಷಕ್ಕೆ ಬಡ್ಡಿ 8.5ರಿಂದ 7.25ಕ್ಕೆ ಇಳಿದರೆ ಕಂತು ಸುಮಾರು 1,900 ರೂಪಾಯಿ ಕಡಿಮೆ. ಆದರೆ ಕಂತು ಇಳಿಸಿಕೊಳ್ಳಬೇಡಿ. ಇದ್ದಷ್ಟೇ ಕಟ್ಟಿ, ವರ್ಷ ಕಡಿಮೆ ಮಾಡಿಸಿ. ಉಳಿದ 1,900 ಎಲ್ಲಿ ಹೋಯಿತು ಅಂತ ಯಾವ ಮನೆಯಲ್ಲೂ ಪತ್ತೆಯಾಗಿಲ್ಲ.

ಲೆಕ್ಕ ಮುಗಿದ ಮೇಲೆ ಡಬ್ಬಿಯ ಚೀಟಿ ತೆಗೆಯಿರಿ. ನಮ್ಮ ಮನೆಯಲ್ಲಿ ಅವ್ವ 15 ಅಂತ ಬರೆದಿದ್ದಳು, ನಾನು 8, ಲೆಕ್ಕಕ್ಕೆ ಬಂದದ್ದು 4.6. ಮುಂದಿನ ವರ್ಷಕ್ಕೆ ಹೊಸ ಚೀಟಿ ಹಾಕಿದ್ದೇವೆ. ಅವ್ವ ಈ ಸಲ 12ಕ್ಕೆ ಇಳಿದಿದ್ದಾಳೆ. 'ಮೆಣಸಿನಕಾಯಿ ಇನ್ನೂ ತಂದಿಲ್ಲ, ತಂದ ಮ್ಯಾಲೆ ತಿದ್ದತೀನಿ' ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ.