ಮೊದಲು ಬೆರಕೆ ಸೊಪ್ಪು, ಆಮೇಲೆ ಬೇರು

ಔಷಧಿ ಗಿಡ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ. ಮೊದಲು ಬೆರಕೆ ಸೊಪ್ಪು ಕಲಿಯಿರಿ, ಅಂದರೆ ಹೊಲ ಬದುಗಳಲ್ಲಿ ತಾನಾಗಿ ಬೆಳೆಯುವ, ಬೆರೆಸಿ ಸಾರು ಮಾಡುವ ಸೊಪ್ಪುಗಳು. ಅರ್ಧ ಜನಕ್ಕೆ ಈ ಮಾತು ಹಿಡಿಸುವುದಿಲ್ಲ. ಅವರು ಬಂದಿರುವುದು ಮಧುನಾಶಿನಿಗೆ, ಅಮೃತಬಳ್ಳಿಗೆ, ಕಲ್ಲು ಕರಗಿಸುವ ಬೇರಿಗೆ. ಸಾರಿಗೆ ಹಾಕುವ ಸೊಪ್ಪು ಯಾರಿಗೆ ಬೇಕು? ಆದರೆ ನಾನು ಕಲಿತ ದಾರಿ ಅದೇ. ನಮ್ಮ ಕೋಲಾರದ ಕಡೆ ಅದಕ್ಕಿಂತ ಸುಲಭದ ದಾರಿ ನನಗಂತೂ ಕಂಡಿಲ್ಲ.

ಸೊಪ್ಪಿನ ವಿದ್ಯೆಗೆ ಬೀಗ ಇಲ್ಲ. ರಾಗಿ ಹೊಲದಲ್ಲಿ ಕಳೆ ತೆಗೆಯುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾರೆ, ನಗುತ್ತಾ ಹೇಳುತ್ತಾರೆ. ನಾಟಿ ವೈದ್ಯರದು ಹಾಗಲ್ಲ. ಗಿಡದ ಹೆಸರು ಬಾಯಿಬಿಟ್ಟರೆ ಔಷಧಿಯ ಗುಣ ಹೋಗುತ್ತದೆ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಕಾಮಾಲೆಗೆ ಕೊಡುವ ಮನೆಗಳಲ್ಲಿ ಎಲೆಯನ್ನು ಒಳಗೇ ಅರೆದು ಉಂಡೆ ಮಾಡಿ ಹೊರಗೆ ತರುತ್ತಾರೆ. ಉಂಡೆ ನೋಡಿ ಗಿಡ ಕಲಿಯುವುದು ಹೇಗೆ?

ನಾನು ಕೋಲಾರ ಟೌನಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವವನು. ಹೆಂಡತಿಯ ಊರು ಮುಳಬಾಗಿಲು ಕಡೆ. ಅಲ್ಲಿ ಕೂಲಿಗೆ ಕಳೆ ಕೀಳಲು ಹೋಗುವ ಒಬ್ಬ ಅಜ್ಜಿ ನನ್ನ ಮೊದಲ ಗುರು. ಅಜ್ಜಿಗೆ ಪಾಠ ಮಾಡಲು ಬರುವುದಿಲ್ಲ, ಬೈಯಲು ಚೆನ್ನಾಗಿ ಬರುತ್ತದೆ. ನಾನು ಕಿತ್ತ ಸೊಪ್ಪನ್ನೆಲ್ಲ ಬದುವಿನ ಮೇಲೆ ಸುರಿದು, ಒಂದೊಂದೇ ಎತ್ತಿ ನೋಡಿ, ಬೇಡದ್ದನ್ನು ಹಿಂದಕ್ಕೆ ಎಸೆಯುತ್ತಿದ್ದರು. ಯಾಕೆ ಎಸೆದಿರಿ ಅಂತ ಕೇಳಿದಾಗ ಸಿಗುತ್ತಿದ್ದ ಉತ್ತರವೇ ಪಾಠ. ಕೆಲವು ಹೆಸರು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ನಮ್ಮ ಗಡಿ ಊರುಗಳಲ್ಲಿ ಅದು ಮಾಮೂಲು. ಅಣ್ಣೆ ಸೊಪ್ಪು ಅಂದರೂ ಗುನುಗಾಕು ಅಂದರೂ ಅಜ್ಜಿಗೆ ಒಂದೇ.

ಶುರು ಮಾಡುವ ಕಾಲ ಮುಂಗಾರು. ಜೂನ್ ಎರಡನೇ ವಾರಕ್ಕೆ ಮೃಗಶಿರ ಮಳೆ ಬರುತ್ತದೆ. ಎರಡು ಹದ ಮಳೆ ಬಿದ್ದರೆ ಸಾಕು, ಬದುಗಳೆಲ್ಲ ಹಸಿರಾಗುತ್ತವೆ. ಅಣ್ಣೆ, ಕನ್ನೆ, ಗೋಣಿ, ಕೊಮ್ಮೆ, ತಗಚೆ, ಗಣಿಕೆ, ಮುಳ್ಳುದಂಟು ಎಲ್ಲ ಒಟ್ಟಿಗೆ ಏಳುತ್ತವೆ. ಕೆರೆ ಅಂಗಳದಲ್ಲಿ ಹೊನಗೊನೆ, ತೇವ ಇರುವ ಕಾಲುವೆ ಪಕ್ಕ ಒಂದೆಲಗ. ಗದ್ದೆ ಬದುವಿನಲ್ಲಿ ಗರುಗ. ಈ ಹೊತ್ತಿನಲ್ಲಿ ಎಲ್ಲವೂ ಗೇಣುದ್ದ ಕೂಡ ಇರುವುದಿಲ್ಲ. ಯಾವುದಕ್ಕೂ ಹೂವಿಲ್ಲ.

ಇಲ್ಲೇ ಇರುವುದು ಕಷ್ಟ. ಪುಸ್ತಕದಲ್ಲಿ ಗಿಡ ಗುರುತಿಸುವುದು ಹೂವು ಕಾಯಿ ನೋಡಿ. ಫೋನಿನ ಆ್ಯಪ್‌ಗಳೂ ಹೂವಿದ್ದರೆ ಪರವಾಗಿಲ್ಲ, ಎಳೇ ಸಸಿ ತೋರಿಸಿದರೆ ಬಾಯಿಗೆ ಬಂದದ್ದು ಹೇಳುತ್ತವೆ. ಆದರೆ ಸೊಪ್ಪು ತಿನ್ನುವುದೇ ಹೂ ಬಿಡುವ ಮುಂಚೆ. ಅಣ್ಣೆ ಗಿಡಕ್ಕೆ ಬೆಳ್ಳಿ ಬಣ್ಣಕ್ಕೆ ಗುಲಾಬಿ ಕಲೆಸಿದ ತೆನೆ ಬಂತು ಅಂದರೆ ಎಲೆ ಒರಟಾಯಿತು ಅಂತಲೇ ಲೆಕ್ಕ. ಅಜ್ಜಿಯ ಮಾತು ಹೀಗೆ: ಕುಡಿ ಉಗುರಿಗೆ ಮುರಿದರೆ ಸಾರಿಗೆ, ನಾರು ಬಂದರೆ ಹಸುವಿಗೆ. ಅಂದರೆ ಹೂವಿನಿಂದ ಗುರುತು ಸಿಗುವಷ್ಟು ಹೊತ್ತಿಗೆ ಆ ಸೊಪ್ಪು ನಮಗೆ ಉಪಯೋಗಕ್ಕೇ ಇಲ್ಲ!

ನಾನು ಇದಕ್ಕೆ ಹುಡುಕಿಕೊಂಡ ಉಪಾಯ ಹಳೇ ಪೇಂಟ್ ಬಕೆಟ್. ಅನುಮಾನ ಬಂದ ಸಸಿಯನ್ನು ಬೇರುಸಮೇತ ತಂದು ಬಕೆಟ್ಟಿನಲ್ಲಿ ನೆಟ್ಟು, ಪಕ್ಕದಲ್ಲಿ ಅಜ್ಜಿ ಹೇಳಿದ ಹೆಸರು ಬರೆದ ಕಡ್ಡಿ ಚುಚ್ಚುವುದು. ನೀರು ಹಾಕಿ ಹೂ ಬಿಡುವವರೆಗೆ ಕಾಯುವುದು. ಸಸಿಯಾಗಿದ್ದಾಗ ಒಂದು ಫೋಟೋ, ಮೊಗ್ಗಿಗೆ ಮುಂಚೆ ಒಂದು, ಕಾಯಿ ಬಂದಾಗ ಒಂದು. ಟೆರೇಸಿನ ಮೇಲೆ ಕಳೆ ಬೆಳೆಸುತ್ತಾನೆ ಅಂತ ಬೀದಿಯವರು ನಕ್ಕರು. ನಗಲಿ. ಕಲಿಕೆಯಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ. ಒಂದು ಮಳೆಗಾಲ ಹೀಗೆ ಬೆಳೆಸಿದರೆ ಎಳೆ ಎಲೆಯ ಮುಖ ಕಣ್ಣಿನಲ್ಲಿ ಕೂತುಬಿಡುತ್ತದೆ.

ಉದಾಹರಣೆಗೆ ಕೊಮ್ಮೆ. ಇದೇ ಆಯುರ್ವೇದದವರ ಪುನರ್ನವ. ನೆಲಕ್ಕೆ ಹರಡಿಕೊಳ್ಳುತ್ತದೆ, ಎಲೆಗಳು ಎದುರುಬದುರು, ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದು. ಎಲೆಯ ತಳ ಬಿಳಿಚು. ಇದರ ಪಕ್ಕದಲ್ಲೇ ಥೇಟ್ ಹೀಗೇ ಹರಡುವ ಇನ್ನೊಂದು ಇದೆ, ಟ್ರಯಾಂಥೆಮಾ. ಅದಕ್ಕೂ ಜೋಡಿ ಎಲೆ, ಅದಕ್ಕೂ ದೊಡ್ಡದು ಚಿಕ್ಕದು. ಆದರೆ ಅದರ ಎಲೆ ರಸಭರಿತ, ದಪ್ಪ. ಹೂವು ಎಲೆಯ ಕಂಕುಳಲ್ಲೇ ಅಡಗಿರುತ್ತದೆ. ಕೊಮ್ಮೆಯ ಗುಲಾಬಿ ಹೂಗಳು ತೆಳ್ಳನೆ ಕಡ್ಡಿಯ ತುದಿಯಲ್ಲಿ ಗೊಂಚಲಾಗಿ ಹೊರಗೆ ನಿಲ್ಲುತ್ತವೆ, ಕಾಯಿ ಬಟ್ಟೆಗೆ ಅಂಟುತ್ತದೆ. ಎಳೆಯದಾದರೆ ಎರಡನ್ನೂ ತಿನ್ನುವವರಿದ್ದಾರೆ. ಬಲಿತ ಟ್ರಯಾಂಥೆಮಾ ಹೊಟ್ಟೆ ಕೆಡಿಸುತ್ತದೆ ಅಂತ ಅಜ್ಜಿ ಅದನ್ನು ಚೀಲಕ್ಕೇ ಬಿಡುವುದಿಲ್ಲ.

ನಿಜವಾದ ಹೆದರಿಕೆ ಇರುವುದು ಗಣಿಕೆಯಲ್ಲಿ. ಗಣಿಕೆ ಸೊಪ್ಪು ಬೇಯಿಸಿ ತಿನ್ನುತ್ತೇವೆ, ಮಾಗಿದ ಕಪ್ಪು ಹಣ್ಣನ್ನು ಮಕ್ಕಳು ಹಾಗೇ ತಿನ್ನುತ್ತಾರೆ. ಹಸಿರು ಕಾಯಿ ಮಾತ್ರ ಬೇಡ, ಅದರಲ್ಲಿ ಸೋಲನಿನ್ ಅನ್ನುವ ವಿಷ ಇರುತ್ತದೆ. ಆದರೆ ತಿಪ್ಪೆ ಪಕ್ಕ ಗಣಿಕೆ ಜೊತೆಗೇ ಉಮ್ಮತ್ತಿಯೂ ಏಳುತ್ತದೆ. ಎರಡೂ ಬದನೆಯ ಬಳಗ. ಎಳೆಯದರಲ್ಲಿ ಅವಸರದಲ್ಲಿ ಕಿತ್ತರೆ ಒಂದರೊಳಗೆ ಒಂದು ಸೇರಿಬಿಡಬಹುದು. ಉಮ್ಮತ್ತಿ ಎಲೆಯ ಬುಡದಲ್ಲಿ ಎರಡು ಬದಿ ಸಮ ಇರುವುದಿಲ್ಲ, ಉಜ್ಜಿದರೆ ಕೆಟ್ಟ ವಾಸನೆ. ಅಟ್ರೋಪಿನ್, ಸ್ಕೋಪೋಲಮಿನ್ ಇರುವ ಗಿಡ ಅದು. ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮನುಷ್ಯ ಏನೇನೋ ಬಡಬಡಿಸಲು ಶುರು ಮಾಡುತ್ತಾನೆ. ಹಾಗಾದರೆ ಆಸ್ಪತ್ರೆಗೇ ಓಡಬೇಕು. ಅದಕ್ಕೇ ಅಜ್ಜಿಯ ನಿಯಮ: ಹಿಡಿಗಟ್ಟಲೆ ಬಾಚಬಾರದು, ಒಂದೊಂದೇ ಕುಡಿ ಚಿವುಟಬೇಕು. ಚಿವುಟಿದ ಬೆರಳನ್ನು ಆಗಾಗ ಮೂಸಬೇಕು.

ಈಗ ಗಿಡದಷ್ಟೇ ಜಾಗವನ್ನೂ ಕಲಿಯಬೇಕಾಗಿದೆ. ಅಜ್ಜಿಯ ಕಾಲಕ್ಕೆ ಈ ತಲೆನೋವು ಇರಲಿಲ್ಲ. ಟೊಮೊಟೊ ತೋಟದಲ್ಲಿ ಡ್ರಿಪ್ ನೀರಿಗೆ ಗೋಣಿ ಸೊಪ್ಪು ಸೊಂಪಾಗಿ ಬೆಳೆದಿರುತ್ತದೆ, ನೋಡಿದರೆ ಆಸೆಯಾಗುತ್ತದೆ. ಕೈ ಹಾಕಬೇಡಿ. ಅಲ್ಲಿ ವಾರಕ್ಕೊಂದು ಸಿಂಪಡಣೆ ಆಗಿರುತ್ತದೆ. ಹಿಪ್ಪುನೇರಳೆ ತೋಟ ವಾಸಿ. ರೇಷ್ಮೆ ಹುಳು ಸಾಯುತ್ತದೆ ಅನ್ನುವ ಭಯಕ್ಕೆ ರೈತರು ಅಲ್ಲಿ ಕೀಟನಾಶಕ ಹೊಡೆಯಲು ಹಿಂದೆಮುಂದೆ ನೋಡುತ್ತಾರೆ. ಆದರೂ ಕಳೆನಾಶಕ ಹೊಡೆದಿದ್ದಾರಾ ಅಂತ ಕೇಳಿಯೇ ಇಳಿಯಬೇಕು. ಕೆರೆಯ ಮಾತು ಬೇರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಒಣಗಿದ್ದ ಬೋರ್‌ವೆಲ್‌ಗಳಿಗೆ ಜೀವ ಬಂದದ್ದನ್ನು ನಾನೂ ನೋಡಿದ್ದೇನೆ, ಅದನ್ನು ಬೈಯುವುದಿಲ್ಲ. ಆದರೆ ಅದು ಅಂತರ್ಜಲಕ್ಕೆ ಅಂತ ಬಿಟ್ಟ ನೀರು. ನೀರೊಳಗೇ ಬೇರು ಇಟ್ಟುಕೊಂಡು ಬೆಳೆಯುವ ಹೊನಗೊನೆ, ಒಂದೆಲಗವನ್ನು ನಾನು ಆ ಕೆರೆಗಳಲ್ಲಿ ಕೀಳುವುದಿಲ್ಲ. ಎರಡನ್ನೂ ಮನೆಯ ಸಿಂಕಿನ ಪಕ್ಕ ತೊಟ್ಟಿಯಲ್ಲಿ ಬೆಳೆಸಿಕೊಂಡಿದ್ದೇನೆ.

ಅಡಿಗೆ ವಿಷಯ ಬೇಗ ಹೇಳಿಬಿಡುತ್ತೇನೆ. ಸಪ್ಪೆ ಸೊಪ್ಪು ಜಾಸ್ತಿ, ಕಹಿ ಒಗರು ಕಮ್ಮಿ, ಹುಳಿಗೆ ಒಂದು ಹಿಡಿ ಹುಣಿಸೆ ಚಿಗುರು. ಸಪ್ಪೆ ಅಂದರೆ ಅಣ್ಣೆ, ದಂಟು, ಕನ್ನೆ. ತೊಗರಿಬೇಳೆ ಅಥವಾ ಅವರೆಕಾಳು ಬೆಂದ ಮೇಲೆ ಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಬೇಯಿಸಿ ಮಸೆದರೆ ಮುದ್ದೆಗೆ ಮಸ್ಸೊಪ್ಪು ರೆಡಿ. ಕಿಡ್ನಿಯಲ್ಲಿ ಕಲ್ಲು ಇರುವವರು ಗೋಣಿ, ದಂಟು ಕಮ್ಮಿ ಮಾಡಬೇಕು, ಅವುಗಳಲ್ಲಿ ಆಕ್ಸಲೇಟ್ ಜಾಸ್ತಿ. ಹೊಸ ಸೊಪ್ಪನ್ನು ಮೊದಲ ಸಲ ಚಮಚದಷ್ಟು ಬೇಯಿಸಿ ತಿಂದು, ಮರುದಿನದವರೆಗೆ ಸುಮ್ನೆ ಇದ್ದು ನೋಡುವುದು ನನ್ನ ಪದ್ಧತಿ. ಅದೂ ಗುರುತು ಖಚಿತವಾದ ಮೇಲೆ ಮಾತ್ರ. ರುಚಿ ನೋಡಿ ವಿಷ ಕಂಡುಹಿಡಿಯುತ್ತೇನೆ ಅಂತ ಹೊರಡಬೇಡಿ.

ಸೊಪ್ಪು ಕೈಗೆ ಹತ್ತಿದ ಮೇಲೆ ಒಬ್ಬ ನಾಟಿ ವೈದ್ಯರ ಬಾಗಿಲು ತೆರೆಯಿತು. ತೇರಹಳ್ಳಿ ಬೆಟ್ಟದ ಸುತ್ತಮುತ್ತ ಓಡಾಡುವ ಹಿರಿಯರು ಅವರು. ಅಂತರಗಂಗೆ ಇರುವ ಬೆಟ್ಟಸಾಲು ಅದು. ನಾನು ಏನೂ ಕೇಳಲಿಲ್ಲ. ಅವರ ಚೀಲ ಹೊತ್ತುಕೊಂಡು ಹಿಂದೆ ಹೋದೆ ಅಷ್ಟೆ. ದಾರಿಯಲ್ಲಿ ಸಿಕ್ಕಿದ ಸೊಪ್ಪಿನ ಹೆಸರೆಲ್ಲ ನನಗೆ ಗೊತ್ತಿದ್ದದ್ದು ನೋಡಿ, ಇವನು ಬರೀ ಬಾಯಿ ಅಲ್ಲ ಅಂತ ಅವರಿಗೆ ಅನ್ನಿಸಿರಬೇಕು. ಒಂದು ಬಳ್ಳಿಯ ಎಲೆ ಕೊಟ್ಟು ಅಗಿಯಲು ಹೇಳಿದರು. ಆಮೇಲೆ ಜೇಬಿನಿಂದ ಬೆಲ್ಲದ ಚೂರು. ಬೆಲ್ಲ ಬಾಯಲ್ಲಿ ಮಣ್ಣಾಯಿತು! ಮಧುನಾಶಿನಿ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ತಿಳಿಯುವ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಅರ್ಧ ಗಂಟೆ ಕಳೆದ ಮೇಲೆ ರುಚಿ ವಾಪಸ್ ಬಂತು. ಗಿಡ ಸರಿಯೋ ತಪ್ಪೋ ಅಂತ ನಾಲಿಗೆಯೇ ಹೇಳುವ ಇಂಥ ಗಿಡ ಅಪರೂಪ. ಹಾಗಂತ ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಇದನ್ನು ಹಿಡಿಯುವುದು ಹುಚ್ಚುತನ. ಮಾತ್ರೆ ಜೊತೆ ತಗೊಂಡರೂ ಸಕ್ಕರೆ ಜಾಸ್ತಿ ಇಳಿಯಬಹುದು, ಡಾಕ್ಟರಿಗೆ ಹೇಳಲೇಬೇಕು.

ವೈದ್ಯರಿಂದ ಕಲಿತದ್ದರಲ್ಲಿ ಜಾಸ್ತಿ ಭಾಗ ಯಾವುದನ್ನು ಬಿಡಬೇಕು ಅನ್ನುವುದು. ಮಾಗಳಿ ಬೇರು ತೆಗೆದುಕೊಳ್ಳಿ. ಉಪ್ಪಿನಕಾಯಿಗೆ ಎಲ್ಲರಿಗೂ ಬೇಕು, ಆ ಘಮಲಿಗೆ ಮರುಳಾಗದವರಿಲ್ಲ. ಬೇರು ಪೂರ್ತಿ ಅಗೆದರೆ ಬಳ್ಳಿ ಸತ್ತಂತೆ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಗಿಡ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ವೈದ್ಯರು ಬಳ್ಳಿಯ ಬುಡ ಅಲುಗಿಸದೆ ಪಕ್ಕದಿಂದ ಮಣ್ಣು ಕೆರೆದು, ಒಂದು ಬೇರು ಮಾತ್ರ ಕೊಯ್ದು, ಮತ್ತೆ ಮಣ್ಣು ಮುಚ್ಚುತ್ತಾರೆ. ಅದೂ ಹೊಲದ ಅಂಚಿನ ಬಳ್ಳಿಯಿಂದ. ಮೀಸಲು ಅರಣ್ಯದಲ್ಲಿ ಬೇರು ಕೀಳುವುದು ಕಾನೂನಿಗೆ ವಿರುದ್ಧ. ಗೌರಿ ಹೂವಿನ ಗೆಡ್ಡೆಯನ್ನಂತೂ ಮುಟ್ಟಲೂ ಬಿಡಲಿಲ್ಲ. ಕೆಂಪು ಹಳದಿ ಜ್ವಾಲೆಯಂಥ ಹೂವು, ನೋಡಲು ಚೆಂದ. ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ, ಗೆಣಸು ಅಂದುಕೊಂಡು ತಿಂದರೆ ಜೀವಕ್ಕೇ ಕುತ್ತು.

ಕಾಮಾಲೆಗೆ ಕೊಡುವ ನೆಲನೆಲ್ಲಿಯಲ್ಲೂ ಅವರದು ಇದೇ ಕಟ್ಟುನಿಟ್ಟು. ಎಲೆಯ ಕಡ್ಡಿ ತಿರುವಿ ಕಾಯಿ ನೋಡಬೇಕು. ಸಣ್ಣ ತೊಟ್ಟು, ನುಣುಪು ಕಾಯಿ ಇದ್ದರೆ ಅವರಿಗೆ ಬೇಕಾದದ್ದು. ತೊಟ್ಟಿಲ್ಲದೆ ಕಡ್ಡಿಗೇ ಅಂಟಿದ ತರಿತರಿ ಕಾಯಿ ಇದ್ದರೆ ಅದು ಬೇರೆ ಜಾತಿ. ಕಾಮಾಲೆ ಅಂತ ಬಂದವರನ್ನು ಅವರು ಮೊದಲು ಕೇಳುವುದು ರಕ್ತಪರೀಕ್ಷೆಯ ಬಿಲಿರುಬಿನ್ ರಿಪೋರ್ಟ್. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ. ಕೊಳಕು ನೀರಿನಿಂದ ಬರುವ ಕಾಮಾಲೆ ಬಹಳ ಜನಕ್ಕೆ ಪಥ್ಯ, ವಿಶ್ರಾಂತಿಯಲ್ಲೇ ಇಳಿಯುತ್ತದೆ. ಹೆಸರು ಉಂಡೆಗೆ ಬರುತ್ತದೆ, ಅಲ್ವಾ? ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರಿಗೆ, ಹೆಪಟೈಟಿಸ್ ಬಿ ಇರುವವರಿಗೆ ಉಂಡೆ ನುಂಗಿ ಕಾಯುತ್ತಾ ಕೂತರೆ ಕಾಲ ಮೀರುತ್ತದೆ. ಅಂಥವರನ್ನು ಅವರು ಬಾಗಿಲಿನಿಂದಲೇ ಆಸ್ಪತ್ರೆಗೆ ಕಳಿಸುತ್ತಾರೆ.

ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇವಿನ ಮರಗಳ ಮೇಲಿದ್ದ ಬಳ್ಳಿಗಳೆಲ್ಲ ಬೋಳಾದವು. 2021ರಲ್ಲಿ ಮುಂಬೈನ ಡಾಕ್ಟರುಗಳು ಈ ಕಷಾಯ ಕುಡಿದ ಕೆಲವರ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅವರು ಕುಡಿದ ಗಿಡ ಯಾವುದು ಅಂತ ಸರಿಯಾಗಿ ಗುರುತಿಸಿಲ್ಲ ಅಂತ ಆಯುಷ್ ಸಚಿವಾಲಯ ತಕರಾರು ತೆಗೆಯಿತು. ನನ್ನ ಮಟ್ಟಿಗೆ ಎರಡೂ ಕಡೆಯ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ: ಗಿಡದ ಗುರುತು ಖಚಿತ ಇರಬೇಕು. ಅಮೃತಬಳ್ಳಿಯ ಕಾಂಡದ ಮೇಲೆ ಕಾಗದದಂಥ ಸಿಪ್ಪೆ, ಕೆರೆದರೆ ಒಳಗೆ ಹಸಿರು. ಮೈತುಂಬ ಗಂಟುಗಂಟು ಇರುವ ಬಳ್ಳಿ ಅದರ ದಾಯಾದಿ, ಟಿನೋಸ್ಪೋರಾ ಕ್ರಿಸ್ಪಾ. ಇದು ಗೊತ್ತಿಲ್ಲದೆ ಲೋಟಗಟ್ಟಲೆ ಕುಡಿದವರು ನಮ್ಮ ಬೀದಿಯಲ್ಲೂ ಇದ್ದರು. ಸರಿಯಾದ ಬಳ್ಳಿಯೇ ಆದರೂ ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಬೇರೆ ಕಡೆಯೂ ನೋಡಿ ಬಂದಿದ್ದೇನೆ. ತುಮಕೂರಿನ ದೇವರಾಯನದುರ್ಗ, ಕೊರಟಗೆರೆ ತಾಲ್ಲೂಕಿನ ಸಿದ್ದರ ಬೆಟ್ಟ. ಸಿದ್ದರ ಬೆಟ್ಟ ಗಿಡಮೂಲಿಕೆಗೆ ಹೆಸರಾದ ಜಾಗ, ಆದರೆ ಭಾನುವಾರ ಹೋದರೆ ಜನ ಜಾಸ್ತಿ, ಗಿಡ ನೋಡಲು ಆಗುವುದಿಲ್ಲ. ಹೆಸರು ಖಚಿತ ಮಾಡಿಕೊಳ್ಳಲು ಯಲಹಂಕದ ಬಳಿ ಇರುವ, ಔಷಧಿ ಗಿಡಗಳ ಮೇಲೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ತೋಟ ಒಳ್ಳೆಯದು. 1993ರಲ್ಲಿ ಶುರುವಾದ ಸಂಸ್ಥೆ. ಗಿಡದ ಪಕ್ಕ ಬೋರ್ಡ್ ಇರುವ ಕಡೆ ಒಂದು ದಿನ ಕಳೆದರೆ ಬೆಟ್ಟದಲ್ಲಿ ಕಲಿತದ್ದು ಗಟ್ಟಿಯಾಗುತ್ತದೆ.

ವೈದ್ಯರ ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಹಾಗಾಗಿ ಈಚೆಗೆ ಅವರು ಹೆಸರುಗಳನ್ನು ನನ್ನ ನೋಟ್‌ಬುಕ್ಕಿಗೆ ಬರೆಸುತ್ತಿದ್ದಾರೆ. ಒಂದು ಷರತ್ತು: ಗಿಡ ಬರೆಯಬಹುದು, ಯೋಗ ಬರೆಯಬಾರದು. ಯಾವುದಕ್ಕೆ ಯಾವುದು ಎಷ್ಟು ಸೇರಿಸಬೇಕು ಅನ್ನುವುದು ಅವರ ಹತ್ತಿರವೇ ಇದೆ. ನಾನು ಒತ್ತಾಯ ಮಾಡಿಲ್ಲ. ನಾನು ಯಾರಿಗೂ ಔಷಧಿ ಕೊಡುವವನೂ ಅಲ್ಲ.

ಸೊಪ್ಪಿಗೆ ಮಾತ್ರ ಯಾರು ಬಂದರೂ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊರಡುತ್ತೇವೆ. ಬರುವವರು ಬೂಟು ಹಾಕಿಕೊಂಡು ಬನ್ನಿ, ಬದುಗಳಲ್ಲಿ ಹಾವಿರುತ್ತವೆ. ಕೈಲಿ ಬಟ್ಟೆ ಚೀಲ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಸೊಪ್ಪು ಬೆವೆತು, ಟೌನಿಗೆ ಬರುವಷ್ಟರಲ್ಲಿ ಕಪ್ಪಾಗಿಬಿಡುತ್ತದೆ.