ತುರಿಸದ, ನೋಯದ, ವಾಸಿಯೂ ಆಗದ ಕಲೆ: ಚರ್ಮದ ಟಿಬಿ ಗುರುತಿಸುವುದು ಹೇಗೆ

ಯುಗಾದಿಗೆ ಅವ್ವನಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ನೋಡಿದ್ದು. ತೊಡೆಯ ಹಿಂದೆ, ಸ್ವಲ್ಪ ಮೇಲಕ್ಕೆ, ಅಂಗೈ ಅಗಲದ ಕೆಂಪು ಕಂದು ಕಲೆ. ಕೇಳಿದರೆ "ಮೂರು ವರ್ಷ ಆತು, ಹುಳುಕಡ್ಡಿ ಕಣವ್ವ" ಅಂದಳು. ಶುರುವಿನಲ್ಲಿ ಒಂದು ರೂಪಾಯಿಯಷ್ಟಿತ್ತಂತೆ. ಕೂರುವ ಜಾಗ, ಯಾರಿಗೆ ತೋರಿಸುವುದು ಅಂತ ನಾಚಿಕೊಂಡು ಮೆಡಿಕಲ್ ಶಾಪಿನಿಂದ ಟ್ಯೂಬು ತರಿಸಿ ಹಚ್ಚಿಕೊಳ್ಳುತ್ತಲೇ ಇದ್ದಳು. ಜಗಳೂರು ಕಡೆಯ ನಮ್ಮೂರಿಂದ ದಾವಣಗೆರೆಗೆ ಕರೆದುಕೊಂಡು ಬಂದ ಮೇಲೆ ಗೊತ್ತಾಯಿತು, ಅದು ಟಿಬಿ. ಕೆಮ್ಮಿಲ್ಲ, ಜ್ವರವಿಲ್ಲ, ತೂಕವೂ ಇಳಿದಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟಿಬಿ ಅಂದರೆ ಕೆಮ್ಮು, ಕಫ ಅಂತಷ್ಟೇ ನಮಗೆ ಗೊತ್ತು. ಅದೇ ರೋಗಾಣು ಚರ್ಮಕ್ಕೂ ಬರುತ್ತದೆ, ಅಪರೂಪಕ್ಕೆ.

ಮೊದಲು ನೋಡಬೇಕಾದ್ದು ಎಷ್ಟು ದಿನದಿಂದ ಇದೆ ಅಂತ. ಕುರು ಆದರೆ ವಾರದಲ್ಲಿ ಹಣ್ಣಾಗಿ ಒಡೆಯುತ್ತದೆ, ಹುಳುಕಡ್ಡಿ ಆದರೆ ತುರಿಕೆ ತಡೆಯೋಕಾಗಲ್ಲ. ಇದು ಹಾಗಲ್ಲ. ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಹರಡುತ್ತದೆ, ಸಾಮಾನ್ಯವಾಗಿ ತುರಿಕೆ ನೋವು ಏನೂ ಇರಲ್ಲ. ಆಮೇಲೆ ಅಂಚು ನೋಡಿ. ಅವ್ವನ ಕಲೆಯಲ್ಲಿ ಒಂದು ಕಡೆ ಚರ್ಮ ತೆಳ್ಳಗೆ, ಸುಕ್ಕುಸುಕ್ಕಾಗಿ, ಸುಟ್ಟ ಗಾಯ ಮಾಗಿದ ಹಾಗಿತ್ತು, ಇನ್ನೊಂದು ಕಡೆ ಅಂಚು ಉಬ್ಬಿಕೊಂಡು ಮುಂದಕ್ಕೆ ಹೋಗುತ್ತಿತ್ತು. ಒಂದು ಕಡೆ ಮಾಗುತ್ತಾ ಇನ್ನೊಂದು ಕಡೆ ಬೆಳೆಯುವ ಕಲೆ ಕಂಡರೆ ಸುಮ್ನೆ ಕೂರಬೇಡಿ. ಇದಕ್ಕೆ ಲೂಪಸ್ ವಲ್ಗ್ಯಾರಿಸ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಸೊಂಟದ ಕೆಳಗೆ, ತೊಡೆ, ಕಾಲಿನಲ್ಲಿ ಜಾಸ್ತಿ, ಮುಖದಲ್ಲೂ ಬರುತ್ತದೆ. ಹೆಂಗಸರು ಮುಚ್ಚಿಟ್ಟುಕೊಳ್ಳುವ ಜಾಗವೇ ಅದು, ಅಲ್ವಾ?

ಇನ್ನೊಂದು ಬಗೆ ಹಿರಿಯರಿಗೆ ಗೊತ್ತು, ಗಂಡಮಾಲೆ. ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟು ಬಂದು, ಬಿಸಿಯಿಲ್ಲದೆ ನೋವಿಲ್ಲದೆ ಮೆತ್ತಗಾಗಿ, ಮೇಲಿನ ಚರ್ಮ ಒಡೆದು ನೀರು ಕೀವು ಸೋರುತ್ತದೆ. ಮಕ್ಕಳಲ್ಲಿ ಇದನ್ನು ಹೆಚ್ಚು ನೋಡುತ್ತೇವೆ. ಮೂರನೆಯದು ನರಹುಲಿಯ ಹಾಗಿರುತ್ತದೆ, ಕೈ, ಕಾಲು, ಮಂಡಿ ಮೇಲೆ ಒರಟಾದ ಒಂದೇ ಗಡ್ಡೆ. ಬರಿಗಾಲಲ್ಲಿ ಓಡಾಡುವವರಿಗೆ ಗಾಯದ ಮೂಲಕ ರೋಗಾಣು ಹೊಕ್ಕು ಆಗಬಹುದು.

ಕಲೆ ಮೇಲೆ ಹತ್ತಿಯ ಎಳೆ ಸವರಿ ನೋಡಿ. ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠ ಇರಬಹುದು, ಅದಕ್ಕೂ ಬೇಗ ಹೋಗಲೇಬೇಕು, ಅದಕ್ಕೂ ಸರ್ಕಾರಿ ಔಷಧಿ ಉಚಿತ. ಸ್ಪರ್ಶ ಗೊತ್ತಾದರೆ ಎರಡೂ ಅಲ್ಲ ಅಂತ ಮಾತ್ರ ತೀರ್ಮಾನಿಸಬೇಡಿ.

ಟ್ಯೂಬಿನ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಿದರೆ ಕೆಂಪು ಇಳಿದ ಹಾಗೆ ಕಾಣುತ್ತದೆ, ರೋಗ ಒಳಗೇ ಇರುತ್ತದೆ, ಡಾಕ್ಟರಿಗೂ ಗುರುತಿಸುವುದು ಕಷ್ಟವಾಗುತ್ತದೆ. ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಜಿಲ್ಲಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ. ಅವ್ವನ ಕಲೆ ಮೇಲೆ ಡಾಕ್ಟರು ಒಂದು ಗಾಜಿನ ಸ್ಲೈಡ್ ಇಟ್ಟು ಒತ್ತಿದರು. ಕೆಂಪು ಹೋಗಿ, ಗಾಜಿನಡಿ ಹಳದಿ ಕಂದು ಚುಕ್ಕೆಗಳು ಉಳಿದವು, ಬೆಲ್ಲದ ಪಾಕದ ಹನಿಯ ಹಾಗೆ. ಕಪ್ಪು ಚರ್ಮದಲ್ಲಿ ಇದು ಯಾವಾಗಲೂ ಕಾಣಲ್ಲ. ಹಾಗಾಗಿ ಬಯಾಪ್ಸಿ ಬೇಕೇ ಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೆಸರುಕಾಳಿನಷ್ಟು ತುಂಡು ತೆಗೆದು ಹೊಲಿಗೆ ಹಾಕುತ್ತಾರೆ.

ಇಲ್ಲಿ ಒಂದು ಮಾತು ನೆನಪಿಟ್ಟುಕೊಂಡು ಕೇಳಿ: ತುಂಡನ್ನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಮಾತ್ರ ಹಾಕುತ್ತೀರಾ, ರೋಗಾಣು ಬೆಳೆಸಿ ನೋಡುವ ಕಲ್ಚರಿಗೂ ಕಳಿಸುತ್ತೀರಾ? ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಅದರಲ್ಲಿಟ್ಟ ತುಂಡಿನಿಂದ ಕಲ್ಚರ್ ಆಗಲ್ಲ. ಕಲ್ಚರಿಗೆ, ರೋಗಾಣುವಿನ ಡಿಎನ್ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಇನ್ನೊಂದು ತುಂಡು ಸಲೈನಿನಲ್ಲಿ ಹೋಗಬೇಕು. ಕಲ್ಚರ್ ರಿಪೋರ್ಟಿಗೆ 6ರಿಂದ 8 ವಾರ ಹಿಡಿಯಬಹುದು. ಗಂಟಾದರೆ ಸೂಜಿ ಚುಚ್ಚಿ ತೆಗೆದ ದ್ರವದಲ್ಲೂ ನೋಡುತ್ತಾರೆ.

ಅವ್ವನ ಸಿಬಿನ್ಯಾಟ್ ನೆಗೆಟಿವ್ ಬಂತು. ಮನೆಯವರೆಲ್ಲ "ಟಿಬಿ ಇಲ್ಲ" ಅಂತ ಖುಷಿಪಟ್ಟೆವು. ಡಾಕ್ಟರು ತಡೆದರು. ಈ ಬಗೆಯ ಚರ್ಮದ ಟಿಬಿಯಲ್ಲಿ ರೋಗಾಣು ತುಂಬಾ ಕಡಿಮೆ ಇರುತ್ತದೆ, ಸಿಗದಿದ್ದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ ಅಂದರು. ಬಯಾಪ್ಸಿಯಲ್ಲಿ ಗ್ರಾನುಲೋಮಾ (ರೋಗದ ವಿರುದ್ಧ ಹೋರಾಡುವ ಕಣಗಳ ಸಣ್ಣ ಗುಂಪು) ಇತ್ತು, ಕೈಗೆ ಇಂಜೆಕ್ಷನ್ ಕೊಟ್ಟು ಉಬ್ಬು ನೋಡುವ ಮಾಂಟೂ ಪರೀಕ್ಷೆಯಲ್ಲಿ ಕೈ ಚೆನ್ನಾಗಿ ಉಬ್ಬಿತ್ತು, ಕಲೆಯ ರೂಪವೂ ಹೊಂದುತ್ತಿತ್ತು. ಎಲ್ಲ ಸೇರಿಸಿ ನೋಡಿಯೇ ನಿರ್ಧಾರ. ಮಾಂಟೂ ಒಂದನ್ನೇ ನಂಬೋಕಾಗಲ್ಲ, ರೋಗ ಇಲ್ಲದ ಎಷ್ಟೋ ಜನರಿಗೂ ಅದು ಪಾಸಿಟಿವ್ ಬರುತ್ತದೆ. ಚುಚ್ಚಿಸಿಕೊಂಡರೆ 48ರಿಂದ 72 ಗಂಟೆಯೊಳಗೆ ತೋರಿಸಲು ವಾಪಸ್ ಹೋಗಬೇಕು. ಟಿಬಿ ಪತ್ತೆಗೆ ರಕ್ತದಲ್ಲಿ ಆಂಟಿಬಾಡಿ ನೋಡುವ ಪರೀಕ್ಷೆಯನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ, ಅದಕ್ಕೆ ದುಡ್ಡು ಕೊಡಬೇಡಿ. ಎದೆಯ ಎಕ್ಸ್‌ರೇ, ಸಕ್ಕರೆ, ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು, ಚರ್ಮದಲ್ಲಿ ಕಂಡ ಟಿಬಿ ಬೇರೆ ಕಡೆಯೂ ಇರಬಹುದು.

ತಟ್ಟೆ ಲೋಟ ಬೇರೆ ಇಡುವುದು ಬೇಡ. ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಇದು ಗಾಳಿಯಲ್ಲಿ ಹರಡಲ್ಲ. ಸೋರುವ ಗಾಯವನ್ನು ಮಾತ್ರ ಶುಭ್ರ ಬಟ್ಟೆಯಲ್ಲಿ ಮುಚ್ಚಿ.

ಮಾತ್ರೆ ಸಾಮಾನ್ಯವಾಗಿ 6 ತಿಂಗಳು, ಸರ್ಕಾರದಿಂದ ಉಚಿತ. ಊಟದ ಖರ್ಚಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿಯ ಲೆಕ್ಕದಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೂತ್ರ ಕೇಸರಿ ಬಣ್ಣ ಆಗುತ್ತದೆ, ಅವ್ವ ರಕ್ತ ಅಂತ ಹೆದರಿ ಎರಡು ದಿನ ಮಾತ್ರೆ ಬಿಟ್ಟಿದ್ದಳು. ಅದು ಮಾತ್ರೆಯ ಬಣ್ಣ ಅಷ್ಟೇ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಹದಿನೈದು ದಿನಕ್ಕೊಮ್ಮೆ ಕಲೆ ಪಕ್ಕ ಒಂದು ನಾಣ್ಯ ಇಟ್ಟು ಫೋಟೋ ತೆಗೆದುಕೊಳ್ಳಿ. ಐದಾರು ವಾರದಲ್ಲಿ ಅಂಚು ಇಳಿಯತೊಡಗಬೇಕು. ಏನೂ ಬದಲಾಗದಿದ್ದರೆ ಆ ಫೋಟೋಗಳನ್ನು ಡಾಕ್ಟರಿಗೆ ತೋರಿಸಿ, ರೋಗ ಬೇರೆಯೋ, ಔಷಧಿಗೆ ಬಗ್ಗದ ಟಿಬಿಯೋ ಅಂತ ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ. ಅವ್ವನದು ಎರಡನೇ ತಿಂಗಳಿಗೆ ಚಪ್ಪಟೆಯಾಯಿತು. ಈಗ ಅಲ್ಲಿ ತೆಳು ಗಾಯದ ಗುರುತು ಉಳಿದಿದೆ, ಅದು ಹೋಗಲ್ಲ. ಅದರ ಮೇಲೆ ಹೊಸದಾಗಿ ಕೆಂಪೋ ಗಂಟೋ ಹುಣ್ಣೋ ಬಂದರೆ ತಡಮಾಡದೆ ತೋರಿಸಬೇಕು ಅಂದಿದ್ದಾರೆ. ತಿಂಗಳಿಗೊಮ್ಮೆ ನೀರು ಹಾಕಿಕೊಳ್ಳುವ ಮುಂಚೆ ಅವ್ವನೇ ಕರೆಯುತ್ತಾಳೆ, "ಬಾ ಇಲ್ಲಿ, ಒಂಚೂರು ನೋಡು."